ಹಿಮ್ಮಡಿಯ ಡಬ್ಬಿ

ಬೆಳಿಗ್ಗೆ ಪಾರ್ಲರಿನ ಬಾಗಿಲು ತೆರೆದ ಮೇಲೆ ಮೊದಲ ಕೆಲಸ ಜರಡಿ ಹಿಡಿಯುವುದು. ನಾನು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಜರಡಿಗೆ ಸುರಿದು, ಎರಡೂ ಕೈಯಿಂದ ಮೆಲ್ಲಗೆ ಅಲ್ಲಾಡಿಸುತ್ತಿದ್ದೆ. ದೊಡ್ಡಮ್ಮ ಎದುರಿನ ಸ್ಟೂಲಿನ ಮೇಲೆ ಕೂತು ಟವೆಲ್ ಮಡಿಸುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ದೊಡ್ಡಮ್ಮನಿಗೆ ಮೊದಲ ಗಿರಾಕಿ ಬರುವವರೆಗೆ ಬಾಯಿ ತೆರೆಯುವ ಅಭ್ಯಾಸವಿಲ್ಲ. ನನಗೆ ಕೊನೆಯ ಗಿರಾಕಿ ಹೋದ ಮೇಲೂ ಇಲ್ಲ.

ಜರಡಿಯಿಂದ ಕೆಳಗೆ ಬಿದ್ದ ನುಣ್ಣನೆಯ ಪುಡಿ ಮುಖಕ್ಕೆ. ಮೇಲೆ ಉಳಿದ ತರಿ ಹಿಮ್ಮಡಿಗೆ. ಎರಡನ್ನೂ ಒಂದೇ ಥರದ ಎರಡು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಡಬೇಕು. ಹಿಮ್ಮಡಿಯ ಡಬ್ಬಿಯ ಅಂಚಿನಲ್ಲಿ ಸಣ್ಣದೊಂದು ತಗ್ಗಿತ್ತು. ಅದು ನನಗೆ ಗುರುತು. ಒಮ್ಮೆ ಎರಡಕ್ಕೂ ಚೀಟಿ ಅಂಟಿಸಿದ್ದೆ. ದೊಡ್ಡಮ್ಮ ಉಗುರಿನಿಂದ ಕಿತ್ತು ಹಾಕಿದರು.

"ಚೀಟಿ ಓದಿಕೊಂಡು ಕೆಲಸ ಮಾಡೋರು ಔಷಧಿ ಅಂಗಡಿ ಇಟ್ಕೊಳ್ಳಲಿ. ನನ್ನ ಬೆರಳಿಗೆ ಕಣ್ಣಿದೆ ಕಣೆ, ಮೌನಗೌರಿ."

ಮೌನಗೌರಿ ಎಂದರೆ ನಾನು. ಒಂಬತ್ತನೇ ತರಗತಿಯಲ್ಲಿ, ಎದ್ದು ನಿಂತು ಗಟ್ಟಿಯಾಗಿ ಓದು ಎಂದಾಗಲೆಲ್ಲ ನನ್ನ ಗಂಟಲು ಕಟ್ಟಿಬಿಡುತ್ತಿತ್ತು. ಆಮೇಲೆ ಶಾಲೆಗೆ ಹೋಗುವುದನ್ನೇ ಬಿಟ್ಟೆ. ಅಮ್ಮ ನನ್ನನ್ನು ತನ್ನ ಅಕ್ಕನ ಹತ್ತಿರ ಕಳಿಸಿದಳು. ಇಲ್ಲಿ ಮಲಗಿದವರ ಮುಖದ ಮೇಲೆ ಏನಾದರೊಂದು ಮೆತ್ತಿರುತ್ತದೆ. ಅವರೂ ಮಾತಾಡುವುದಿಲ್ಲ. ನನಗೆ ಒಗ್ಗಿತು.

ದೊಡ್ಡಮ್ಮನದು ಒಂದೇ ಸಿದ್ಧಾಂತ. ಮನುಷ್ಯನ ಮುಖದ ಮೇಲೆ ಸತ್ತ ಚರ್ಮ ಕೂತಿರುತ್ತದೆ. "ಅದು ಬಾಡಿಗೆ ಮನೆಯವರ ಥರ. ತಾವಾಗಿ ಖಾಲಿ ಮಾಡಲ್ಲ. ನಾವೇ ಎಬ್ಬಿಸಬೇಕು," ಎನ್ನುತ್ತಿದ್ದರು. ಕ್ರೀಮಿನಲ್ಲಿ ಪುಡಿ ಕಲಸಿ ಉಜ್ಜುವಾಗ ಹಣೆಗೆ ಏಳು ಸುತ್ತು, ಕೆನ್ನೆಗೆ ಹನ್ನೊಂದು, ಮೂಗಿಗೆ ಐದು. ಆಮೇಲೆ ಬಿಸಿ ಟವೆಲಿನಿಂದ ಒರೆಸಿ, ಕಣ್ಣು ಮುಚ್ಚಿ, ನಡುಬೆರಳ ತುದಿಯನ್ನು ಕೆನ್ನೆಯ ಮೇಲೆ ಎಳೆದು, "ಹೂಂ" ಎನ್ನುತ್ತಿದ್ದರು. ಆ ಒಂದು ಹೂಂಕಾರಕ್ಕಾಗಿಯೇ ಊರಾಚೆಯಿಂದ ಎರಡು ಬಸ್ಸು ಹತ್ತಿ ಬರುವವರಿದ್ದರು. ಕನ್ನಡಿಯನ್ನು ಯಾರೂ ಅಷ್ಟಾಗಿ ನಂಬುತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಮೊದಲು ಎಡವಟ್ಟಾದದ್ದು ಫೋನಿನಿಂದ.

ದೊಡ್ಡಮ್ಮನ ಮಗಳು ಅಮ್ಮನಿಗೊಂದು ಹೊಸ ಫೋನ್ ತಂದುಕೊಟ್ಟಳು. ಬೆರಳು ಒತ್ತಿದರೆ ತೆರೆದುಕೊಳ್ಳುವಂಥದ್ದು. ಅದು ದೊಡ್ಡಮ್ಮನ ಬಲಗೈ ಹೆಬ್ಬೆರಳನ್ನು ಒಪ್ಪಲಿಲ್ಲ. ಎಡಗೈಯದನ್ನೂ ಒಪ್ಪಲಿಲ್ಲ. ಹತ್ತೂ ಬೆರಳು ಮುಗಿದವು. ಮಗಳು ತಾಯಿಯ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದಳು.

"ಅಮ್ಮಾ, ಗೆರೆನೇ ಇಲ್ವಲ್ಲಮ್ಮಾ! ಗಾಜು ಇದ್ದ ಹಾಗಿದೆ ಬೆರಳು."

"ಗೆರೆಗೇನಾಗಿದೆ? ಫೋನಿಗೆ ಸತ್ತ ಚರ್ಮ ಅಂಟಿದೆ," ಎಂದು ದೊಡ್ಡಮ್ಮ ಒಂದು ಚಿಟಿಕೆ ಪುಡಿ ಹಾಕಿ ಫೋನನ್ನು ಹನ್ನೊಂದು ಸುತ್ತು ಉಜ್ಜಿದರು. ಗಾಜಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯ ತುಂಬ ಗೀರು ಬಿದ್ದವು. ಫೋನು ಆಗಲೂ ತೆರೆಯಲಿಲ್ಲ. ಮಗಳು ನಾಲ್ಕು ಅಂಕಿಯ ಗುಟ್ಟು ಹೇಳಿಕೊಟ್ಟು ಹೋದಳು. ನನಗೆ ಆ ಗೀರುಗಳು ಮನಸ್ಸಿನಲ್ಲಿ ಉಳಿದವು. ಮುಖದ ಪುಡಿ ಅಷ್ಟು ಗೀರುವುದಿಲ್ಲ. ಹಲಗೆಯ ಕಡೆ ನೋಡಿದೆ. ಮುಚ್ಚಳ ತೆರೆದಿದ್ದದ್ದು ತಗ್ಗಿದ್ದ ಡಬ್ಬಿ.

ಮಾರನೆಯ ವಾರ ಟೀಚರ್ ಬಂದರು. ನನಗೆ ಗಣಿತ ಕಲಿಸಿದವರು. ಅಂದರೆ, ಕಲಿಸಲು ನೋಡಿದವರು. ಅವರಿಗೆ ನನ್ನ ನೆನಪಿರಲಿಲ್ಲ, ನಾನೂ ನೆನಪಿಸಲಿಲ್ಲ. ಎರಡು ತಿಂಗಳಲ್ಲಿ ಅವರ ನಿವೃತ್ತಿ. ನಿವೃತ್ತರಾದವರ ಫೋಟೊವನ್ನು ಶಾಲೆಯ ಮೆಟ್ಟಿಲ ಪಕ್ಕದ ಗೋಡೆಗೆ ಸಾಲಾಗಿ ತೂಗುಹಾಕುತ್ತಾರೆ.

"ಹಿಂದಿನ ಹೆಡ್‌ಮೇಷ್ಟ್ರು ಇಪ್ಪತ್ತು ವರ್ಷದಿಂದ ಅಲ್ಲೇ ನೇತಾಡ್ತಿದಾರೆ," ಎಂದರು ಟೀಚರ್. "ಮೂಗಿನ ಮೇಲೆ ಒಂದು ಮೊಡವೆ. ಅವರ ಹೆಸರು ಯಾವ ಮಗುವಿಗೂ ಗೊತ್ತಿಲ್ಲ. ಮೊಡವೆ ಮೇಷ್ಟ್ರು ಅಂತಾರೆ. ನನಗೆ ಆ ಗತಿ ಬೇಡಮ್ಮ."

"ನಿಮ್ಮನ್ನ ನುಣ್ಣಗೆ ಮಾಡಿ ಗೋಡೆಗೆ ಹತ್ತಿಸೋ ಜವಾಬ್ದಾರಿ ನನ್ನದು, ಟೀಚರೇ," ಎಂದು ದೊಡ್ಡಮ್ಮ ಡಬ್ಬಿ ತೆರೆದು, ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ, "ಹದವಾಗಿದೆ" ಎಂದರು.

ನಾನು ಟವೆಲ್ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ಕೆನ್ನೆ ಒಂಬತ್ತನೇ ಸುತ್ತಿನಲ್ಲಿತ್ತು. ಟೀಚರ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ತಗ್ಗಿದ್ದ ಡಬ್ಬಿ ದೊಡ್ಡಮ್ಮನ ಮೊಣಕೈ ಹತ್ತಿರವಿತ್ತು. ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಒಂಬತ್ತನೇ ತರಗತಿಯಲ್ಲಿ ಏನು ಬಂತೋ ಈಗಲೂ ಅದೇ ಬಂತು, ಅಂದರೆ ಏನೂ ಬರಲಿಲ್ಲ.

"ಇವತ್ತು ಚೆನ್ನಾಗಿ ಕೆಲಸ ಮಾಡ್ತಾ ಇದೆ, ಅಲ್ವಾ?" ಎಂದರು ಟೀಚರ್, ಹಲ್ಲು ಕಚ್ಚಿಕೊಂಡು.

ದೊಡ್ಡಮ್ಮ ಕಣ್ಣು ಮುಚ್ಚಿ ಬೆರಳು ಎಳೆದು "ಹೂಂ" ಎಂದರು. ಬೆರಳ ಕೆಳಗೆ ಕೆನ್ನೆಯ ತುಂಬ ಸಣ್ಣ ಕೆಂಪು ಗೀರುಗಳಿದ್ದವು. ಫೋನಿನ ಮೇಲೆ ಇದ್ದಂಥವೇ.

ನಾಲ್ಕು ದಿನದಲ್ಲಿ ಆ ಕೆನ್ನೆಯಲ್ಲಿ ಹೊಟ್ಟು ಏಳತೊಡಗಿತು. ಟೀಚರ್ ಗಾಬರಿಯಿಂದ ಓಡಿ ಬಂದರು. ದೊಡ್ಡಮ್ಮ ಸಮಾಧಾನ ಹೇಳಿದರು: "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಬಂದಾಗಲೇ ಒರಟು ಗೊತ್ತಾಗೋದು. ಒಳಗಿನ ಕೊಳೆ ಹೊರಗೆ ಬರ್ತಿದೆ ಅಷ್ಟೆ. ವಾರಕ್ಕೆ ಎರಡು ಸಲ ಉಜ್ಜೋಣ."

ಬೇಸಿನ್ ಹತ್ತಿರ ಬಟ್ಟಲು ತೊಳೆಯುತ್ತ ನಾನು ಯೋಚಿಸಿದೆ. ಉಜ್ಜಿದ್ದರಿಂದ ಒರಟಾಗಿದೆ. ಒರಟಾಗಿದೆ ಎಂದು ಇನ್ನಷ್ಟು ಉಜ್ಜುತ್ತಾರೆ. ಈ ಲೆಕ್ಕ ನನಗೂ ಬರುತ್ತಿತ್ತು. ಹೇಳಲು ಬಾಯಿ ಇಲ್ಲ, ಆದರೆ ಜರಡಿ ನನ್ನ ಕೈಯಲ್ಲೇ ಇತ್ತಲ್ಲ.

ಮಾರನೆಯ ಬೆಳಿಗ್ಗೆಯಿಂದ ಎರಡೂ ಡಬ್ಬಿಗೆ ನುಣ್ಣನೆಯದನ್ನೇ ತುಂಬಿದೆ. ಮೊದಲು ಜರಡಿಯಲ್ಲಿ, ಆಮೇಲೆ ನನ್ನ ಹಳೆಯ ದುಪಟ್ಟಾದಲ್ಲಿ ಸೋಸಿ, ಕೊನೆಗೆ ಒಂದು ಚಿಟಿಕೆ ಮುಂದಿನ ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡುತ್ತಿದ್ದೆ. ಹಲ್ಲಿಗೆ ಸಿಗದಿದ್ದರೆ ಸರಿ. ತರಿಯನ್ನು ಹಿತ್ತಲ ಹೂಕುಂಡಕ್ಕೆ ಸುರಿದೆ. ದೊಡ್ಡಮ್ಮ ಬೆರಳಲ್ಲಿ ತಿಕ್ಕಿ ನೋಡಿ, ಎಂದಿನಂತೆ "ಹದವಾಗಿದೆ" ಎಂದರು.

ಪುಡಿ ಹೆಚ್ಚುಕಡಿಮೆ ಮೈಗೆ ಹಾಕುವ ಪೌಡರ್ ಇದ್ದಂತಿತ್ತು. ಹನ್ನೊಂದು ಸುತ್ತು ಹಾಕಿದರೂ ಸವರಿದಂತೆ ಆಗುತ್ತಿತ್ತೇ ಹೊರತು ಉಜ್ಜಿದಂತಲ್ಲ. ಮೂರು ವಾರದಲ್ಲಿ ಟೀಚರ ಕೆನ್ನೆ ತಿಳಿಯಾಯಿತು. ಎರಡು ಬಸ್ಸಿನವರೆಲ್ಲ ಹೊಗಳಿದರು. ದೊಡ್ಡಮ್ಮ ಆ ಯಶಸ್ಸಿನಿಂದ ಉಬ್ಬಿ, ಕೆನ್ನೆಯ ಸುತ್ತನ್ನು ಹನ್ನೊಂದರಿಂದ ಹದಿನೈದಕ್ಕೆ ಏರಿಸಿದರು.

"ನೋಡಿದ್ಯಾ, ಮೌನಗೌರಿ? ಇದು ಬೆರಳಿನ ವಿದ್ಯೆ. ಪುಸ್ತಕದಲ್ಲಿ ಸಿಗಲ್ಲ."

ನಾನು ತಲೆಯಾಡಿಸಿದೆ.

ತೊಂದರೆ ಹಿಮ್ಮಡಿಯವರದು. ಅವರ ಕಾಲು ಇದ್ದ ಹಾಗೇ ಇತ್ತು. ದರ್ಜಿ ಅಂಗಡಿಯಾಕೆ ಮೂರು ಸಲ ಕಾಲು ಉಜ್ಜಿಸಿಕೊಂಡು, "ಏನಕ್ಕಾ, ಈ ಒಡಕಿನಲ್ಲಿ ಈಗಲೂ ಸೂಜಿ ಚುಚ್ಚಿಡಬಹುದು," ಎಂದು ಆಡಿಕೊಂಡರು. ದೊಡ್ಡಮ್ಮ ಅವರ ಕಾಲನ್ನು ಮಡಿಲಲ್ಲಿಟ್ಟುಕೊಂಡು ನಲವತ್ತು ಸುತ್ತು ಉಜ್ಜಿ ಬೆವರಿದರು. "ನಿನ್ನ ಕಾಲಿನದು ಹಟಮಾರಿ ಚರ್ಮ," ಎಂದರು. ದರ್ಜಿಯಾಕೆ ಒಪ್ಪಿಕೊಂಡರು. ಅವರ ಗಂಡನೂ ಅದನ್ನೇ ಹೇಳುತ್ತಿದ್ದರಂತೆ, ಕಾಲಿನ ಬಗ್ಗೆ ಅಲ್ಲ.

ಹೀಗೇ ಸಾಗುತ್ತಿತ್ತೇನೋ. ಟೀಚರ ಫೋಟೊ ಶುಕ್ರವಾರ ಎಂದು ಗೊತ್ತಾಗಿತ್ತು. ಅದೇ ವಾರ ನನಗೆ ಜ್ವರ ಬಂತು. ಸೋಮವಾರದಿಂದ ಮೂರು ದಿನ ಮನೆಯಲ್ಲಿ ಮಲಗಿ, ಡಬ್ಬಿಗಳಲ್ಲಿ ಇನ್ನೆಷ್ಟು ಪುಡಿ ಇದ್ದೀತು ಎಂದು ಲೆಕ್ಕ ಹಾಕುತ್ತಿದ್ದೆ. ಗುರುವಾರ ಜ್ವರ ಪೂರ್ತಿ ಬಿಡುವ ಮುಂಚೆಯೇ ಎದ್ದು ಹೋದೆ.

ಪಾರ್ಲರಿನ ಮೂಲೆಯಲ್ಲಿ ಪತ್ರಿಕೆ ಹಾಸಿತ್ತು. ಜರಡಿ ಅದರ ಮೇಲಿತ್ತು. ದೊಡ್ಡಮ್ಮ ತಾವೇ ಪುಡಿ ಸೋಸಿ ಎರಡೂ ಡಬ್ಬಿ ತುಂಬಿದ್ದರು. ಟೀಚರ್ ಕೂದಲಿಗೆ ಪಟ್ಟಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ಬೆಂಚಿನ ಮೇಲೆ ಅಂಗಾತ ಮಲಗಿದ್ದರು. ಮುಖ ತೊಳೆದದ್ದು ಆಗಿತ್ತು. ದೊಡ್ಡಮ್ಮ ಬಟ್ಟಲಿನಲ್ಲಿ ಕ್ರೀಮು ಹಾಕಿ ಪುಡಿ ಕಲಸುತ್ತಿದ್ದರು. ಚಮಚ ಬಟ್ಟಲಿಗೆ ತಾಗಿದಾಗ ಕರ್ ಕರ್ ಎಂದಿತು. ಮೊಣಕೈ ಪಕ್ಕದಲ್ಲಿ ತಗ್ಗಿದ್ದ ಡಬ್ಬಿ.

"ಬಂದ್ಯಾ? ಟವೆಲ್ ಬಿಸಿ ಮಾಡು. ನಾಳೆ ಫೋಟೊ. ಇವತ್ತು ಕೆನ್ನೆಗೆ ಇಪ್ಪತ್ತು ಸುತ್ತು."

ನಾನು ಟವೆಲಿನ ಕಡೆ ಹೋಗಲಿಲ್ಲ. ನೇರ ಹೋಗಿ ಬಟ್ಟಲಿನ ಅಂಚು ಹಿಡಿದುಕೊಂಡೆ. ದೊಡ್ಡಮ್ಮ ತಮ್ಮ ಕಡೆ ಎಳೆದರು. ನಾನು ಬಿಡಲಿಲ್ಲ.

"ಏನೇ ಇದು? ಜ್ವರ ತಲೆಗೆ ಏರಿದ್ಯಾ?"

"ದೊಡ್ಡಮ್ಮ, ಇದು ಹಿಮ್ಮಡಿದು."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಟೀಚರ್ ಒಂದು ಕಣ್ಣು ತೆರೆದರು.

"ನನ್ನ ಬೆರಳಿಗೆ ಗೊತ್ತಾಗಲ್ವಾ?" ದೊಡ್ಡಮ್ಮ ನಕ್ಕರು. "ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡ್ತಾಳೆ ನೋಡಿ, ಟೀಚರೇ."

"ಕಣ್ಣು ಮುಚ್ಚಿ, ದೊಡ್ಡಮ್ಮ," ಎಂದೆ.

ಟೀಚರ್ ಎದುರಿಗೆ ಸೋಲಬಾರದು ಎಂದೋ ಏನೋ ಅವರು ಕಣ್ಣು ಮುಚ್ಚಿದರು. ಎರಡು ತಟ್ಟೆಯಲ್ಲಿ ಎರಡೂ ಪುಡಿ ಹಾಕಿ ಅವರ ಮುಂದಿಟ್ಟೆ. ಅವರು ಬಲಗಡೆಯದನ್ನು ಚಿಟಿಕೆಯಲ್ಲಿ ತೆಗೆದು ತಿಕ್ಕಿದರು. ಆಮೇಲೆ ಎಡಗಡೆಯದನ್ನು.

"ಬಲಗಡೆದು ಮುಖದ್ದು. ಸಾಕಾ?"

ಬಲಗಡೆಯದು ಹಿಮ್ಮಡಿಯದು. ಟೀಚರ್ ಕತ್ತೆತ್ತಿ ತಟ್ಟೆಗಳನ್ನು ನೋಡಿದರು.

"ತಪ್ಪು," ಎಂದರು ಟೀಚರ್. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ಹೇಳಿದ ದನಿಯಲ್ಲೇ. "ಇನ್ನೊಂದು ಸಲ ಮಾಡಿ."

ತಟ್ಟೆಗಳನ್ನು ಅದಲುಬದಲು ಮಾಡಿದೆ. ದೊಡ್ಡಮ್ಮ ಈ ಸಲ ತುಂಬ ಹೊತ್ತು ತಿಕ್ಕಿದರು. ತುಟಿ ಬಿಗಿದಿದ್ದರು. "ಇದು... ಬಲಗಡೆದು ತರಿ."

"ತಪ್ಪು."

ಮೂರನೆಯ ಸಲ ಸರಿಯಾಯಿತು. ಆದರೆ ದೊಡ್ಡಮ್ಮನಿಗೇ ಅದು ಹೇಗೆ ಸರಿಯಾಯಿತೆಂದು ತಿಳಿಯಲಿಲ್ಲ ಎನ್ನುವುದು ಅವರ ಮುಖದಲ್ಲಿ ಕಾಣುತ್ತಿತ್ತು.

"ಬೆಳಕು ಸರಿ ಇಲ್ಲ," ಎಂದರು, ಇನ್ನೂ ಕಣ್ಣು ಮುಚ್ಚಿಕೊಂಡೇ.

ಟೀಚರ್ ಎದ್ದು ಕೂತು ತಮ್ಮ ಕೆನ್ನೆ ಮುಟ್ಟಿಕೊಂಡರು. ಅವತ್ತು ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಈಗ ಹೊಳೆದಿರಬೇಕು. ಆಮೇಲೆ ನನ್ನನ್ನು ನೋಡಿದರು.

"ಆಮೇಲೆ ನಂದು ಸರಿಹೋಯ್ತಲ್ಲ. ಅದು ಹೇಗೆ?"

"ಎರಡೂ ಡಬ್ಬಿಗೆ ನುಣ್ಣಗೆ ಇರೋದನ್ನೇ ಹಾಕ್ತಿದ್ದೆ," ಎಂದೆ. ಹೇಳಿದ ಮೇಲೆ ಅದು ಚಾಡಿಯಂತೆ ಕೇಳಿಸಿತು. ದೊಡ್ಡಮ್ಮನ ಕಡೆ ತಿರುಗಿದೆ. "ನಿಮಗೆ ಹೇಳೋಕಾಗಲಿಲ್ಲ, ದೊಡ್ಡಮ್ಮ."

"ಎಷ್ಟು ದಿನದಿಂದ?"

"ಆರು ವಾರ."

ದೊಡ್ಡಮ್ಮ ಕಣ್ಣು ತೆರೆದರು. ಆರು ವಾರದ ಹೂಂಕಾರಗಳನ್ನೆಲ್ಲ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಬೇಸಿನ್ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಒರೆಸಿಕೊಂಡರು. ಮತ್ತೆ ತೊಳೆದರು. ನಡುಬೆರಳ ತುದಿಯನ್ನು ತಮ್ಮದೇ ಕೆನ್ನೆಯ ಮೇಲೆ ನಿಧಾನವಾಗಿ ಎಳೆದುಕೊಂಡು ನಿಂತರು. ಹೂಂ ಎನ್ನಲಿಲ್ಲ.

"ಕಿಟಕಿ ಪಕ್ಕದ ಮೂರನೇ ಬೆಂಚು," ಎಂದರು ಟೀಚರ್ ಇದ್ದಕ್ಕಿದ್ದಂತೆ, ನನ್ನನ್ನೇ ನೋಡುತ್ತ. "ಉತ್ತರ ಗೊತ್ತಿದ್ದರೂ ಹೇಳ್ತಿರಲಿಲ್ಲ ನೀನು."

ನಾನು ತಲೆ ತಗ್ಗಿಸಿದೆ. ಟೀಚರ್ ಕೂದಲ ಪಟ್ಟಿ ಸರಿಮಾಡಿಕೊಂಡು ಮತ್ತೆ ಮಲಗಿ ಕಣ್ಣು ಮುಚ್ಚಿದರು. ನಾಳಿನ ಫೋಟೊ ಯಾರಿಗೂ ಕಾಯುವಂತಿರಲಿಲ್ಲ.

ನಾನು ಬಟ್ಟಲಿನಲ್ಲಿದ್ದದ್ದನ್ನು ಸುರಿದು, ತೊಳೆದು, ಹೊಸದಾಗಿ ಕ್ರೀಮು ಹಾಕಿದೆ. ಮುಖದ ಡಬ್ಬಿಯಿಂದ ಪುಡಿ ತೆಗೆದು ಬೆರಳಲ್ಲಿ ತಿಕ್ಕಿ, ಹಲ್ಲಿಗಿಟ್ಟು ನೋಡಿದೆ. ಸಿಗಲಿಲ್ಲ. ಕಲಸಿದೆ. ಇಷ್ಟೆಲ್ಲ ಆಗುವವರೆಗೂ ದೊಡ್ಡಮ್ಮ ಬೇಸಿನ್ ಕಡೆ ಮುಖ ಮಾಡಿ ನಿಂತೇ ಇದ್ದರು. ನಲ್ಲಿ ಹನಿಯುತ್ತಿತ್ತು. ಬಟ್ಟಲು ಹಿಡಿದುಕೊಂಡು ಅವರ ಬೆನ್ನ ಹಿಂದೆ ಹೋಗಿ ನಿಂತೆ.

"ದೊಡ್ಡಮ್ಮ, ಟೀಚರ್ ಮುಖ ಇವತ್ತು ನಾನು ಮಾಡ್ಲಾ?"