ಹಳದಿ ಪ್ಲಗ್

ಬೆರಳಿಗಂಟಿದ ಗ್ರೀಸ್ ಒರೆಸಿಕೊಳ್ಳುತ್ತ ಅವಳು ಸ್ಟಿಯರಿಂಗ್ ಕೆಳಗಿನ, ಏರ್‌ಬ್ಯಾಗಿನ ಹಳದಿ ಪ್ಲಗ್ಗನ್ನು ನೋಡಿದಳು, ಮುಟ್ಟಲಿಲ್ಲ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ್ದು ಈಗಷ್ಟೇ, ಬಿಚ್ಚಿದ ಮೇಲೂ ಏರ್‌ಬ್ಯಾಗಿನಲ್ಲಿ ಒಂದಿಷ್ಟು ಕರೆಂಟು ಉಳಿದಿರುತ್ತದೆ, ಸಿಡಿದರೆ ಮುಖಕ್ಕೇ, ಇಳಿಯುವ ತನಕ ಮುಖ ಆಚೆ ಇಟ್ಟುಕೊಂಡು ಕಾಯಬೇಕು — ಸಿಟ್ಟು ಇಳಿಯಿತೆಂದು ಗಂಡನ ಹತ್ತಿರ ಹೋಗಿ ಪೆಟ್ಟು ತಿಂದವಳಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ, ಆದರೂ ಹೇಳಿಕೊಟ್ಟವನು ಅಣ್ಣ, ಆ ಮನೆ ಬಿಟ್ಟು ಒಂದು ಚೀಲ ಹಿಡಿದು ಬಂದಾಗ, ಗೋಡೆ ನೋಡ್ತಾ ಕೂರಬೇಡ, ಗ್ಯಾರೇಜಿಗೆ ಬಾ, ಎಂದಿದ್ದ, ಈ ಸ್ಟಿಯರಿಂಗ್ ಚಕ್ರದೊಳಗೆ ಒಂದು ಪಟಾಕಿ ಮಲಗಿದೆ ಕಣೇ, ಅದನ್ನ ಎಬ್ಬಿಸದೆ ಕೆಲಸ ಮಾಡೋದೇ ವಿದ್ಯೆ, ಎಂದಿದ್ದ, ಈಗ ಅದೇ ಅಣ್ಣ ಕಾರಿನ ಮುಂದೆ ಬಗ್ಗಿ ಹೆಡ್‌ಲೈಟಿಗೆ ಹೊಸ ಬಲ್ಬ್ ಹಾಕುತ್ತಿದ್ದಾನೆ, ಏನು ತಾಯಿ, ಒಳಗೆ ತಪಸ್ಸಿಗೆ ಕೂತ್ಯಾ, ಗಾಡಿಯವರು ಬರೋ ಹೊತ್ತಾಯ್ತು, ಸ್ವಲ್ಪ ತಡಿಯೋ ಅಣ್ಣ, ಬ್ಯಾಟರಿ ಮುಟ್ಟಬೇಡ, ಇಲ್ಲ ಇಲ್ಲ ಎನ್ನುತ್ತಾನೆ, ಹೋದ ವಾರವೂ ಇಲ್ಲ ಇಲ್ಲ ಎಂದೇ ತಂತಿ ತಗುಲಿಸಿದ್ದ, ಬಲ್ಬ್ ಹತ್ತುತ್ತೋ ನೋಡಬೇಕಿತ್ತಂತೆ, ಆಗ ಅವಳ ಗಲ್ಲ ಚಕ್ರದಿಂದ ಒಂದು ಗೇಣು ದೂರ, ಏನೂ ಆಗ್ಲಿಲ್ವಲ್ಲ, ಗಲ್ಲ ಇದ್ದಲ್ಲೇ ಇದ್ಯಲ್ಲ, ಎಂದು ನಕ್ಕಿದ್ದ, ಅತ್ತಿಗೆ ನಕ್ಕಿದ್ದಳು, ನಾನೂ ನಕ್ಕಿದ್ದೆ — ಯಾಕೆ ನಕ್ಕೆ, ಅನ್ನದ ಋಣಕ್ಕೆ ನಕ್ಕೆ, ಸೇತುವೆಯಾಚೆಯ ಗ್ಯಾರೇಜಿನ ಅಕ್ಕ ಕೆಲಸಕ್ಕೆ ಕರೆದಾಗಲೂ ಅದೇ ಋಣ ಅಡ್ಡ ಬಂತು, ನಮ್ಮಲ್ಲಿ ತಂತಿ ಬಿಚ್ಚಿದವರೇ ವಾಪಸ್ ಹಾಕಬೇಕಮ್ಮ, ನಾನೂ ಮುಟ್ಟೋ ಹಾಗಿಲ್ಲ, ಎಂದಿದ್ದಳು ಆಕೆ — ಸಾಕು, ಕಾದದ್ದಾಯಿತು, ತೋಳು ಚಾಚಿ ಪ್ಲಗ್ಗಿನ ಕೊಂಡಿಗೆ ಉಗುರು ಸಿಕ್ಕಿಸುತ್ತಾಳೆ, ಬ್ಯಾಟರಿಯ ಕಡೆಗೆ ಚಪ್ಪಲಿ ಎಳೆಯುವ ಸದ್ದು, ಅಣ್ಣಾ ಎನ್ನುವಷ್ಟರಲ್ಲಿ ನೆತ್ತಿಯ ಮೇಲೆ ಕಾರಿನ ಒಳದೀಪ ಹತ್ತಿಕೊಂಡಿತು.

ಕೈ ಅಲ್ಲೇ ಕಲ್ಲಾಯಿತು, ಹಳದಿ ಪ್ಲಗ್ಗೊಂದೇ ಕಣ್ಣ ತುಂಬ, ಹತ್ತಿತು ಕಣೇ ಬಲ್ಬು, ಅಣ್ಣನ ದನಿಯಲ್ಲಿ ಎಷ್ಟು ಖುಷಿ, ಅವನಿಗೆ ತಂಗಿ ಬೇಡವೆಂದಲ್ಲ, ನೆನಪೇ ಇಲ್ಲ, ಅಷ್ಟೇ, ಅವಳು ಮೆಲ್ಲಗೆ ಉಗುರು ಬಿಡಿಸಿಕೊಂಡು ಇಳಿದು ಬಂದು ತಂತಿ ಬಿಚ್ಚಿದಳು, ಮತ್ತೆ ಮೊದಲಿಂದ ಕಾಯ್ತೀಯಾ, ಹೂಂ, ನಿನ್ನ ಪುಕ್ಕಲುತನಕ್ಕೆ ಮದ್ದಿಲ್ಲ ಬಿಡು, ಇಲ್ಲ ಅಣ್ಣ, ಒಳಗಿನಿಂದ ಅತ್ತಿಗೆ ಟೀ ಎಂದು ಕೂಗುತ್ತಾಳೆ, ಬಂದೆ ಅತ್ತಿಗೆ, ಈ ಗಾಡಿ ಮುಗಿಸಬೇಕು, ಕೈ ತೊಳೆಯಬೇಕು, ಟೀ ಕುಡಿದು ಲೋಟ ತೊಳೆದಿಡಬೇಕು, ಬೆಳಿಗ್ಗೆ ಎಂದಿನ ಹಾಗೇ ಎದ್ದು ಸೇತುವೆ ದಾಟಿ ಆ ಅಕ್ಕನ ಗ್ಯಾರೇಜಿಗೆ ಹೋಗಬೇಕು, ಯಾಕೆ ಮುಖ ಹೀಗಿದೆ, ಅಣ್ಣ ಕೇಳುತ್ತಾನೆ, ಏನಿಲ್ಲ, ಏನೂ ಇಲ್ಲ — ಹಳದಿ ಪ್ಲಗ್, ಅದರ ಮೇಲೆ ತನ್ನ ಉಗುರಿನ ಕಪ್ಪು ಗೀರು, ಹಳದಿ ಪ್ಲಗ್