ಸೇತುವೆಯ ಕೀಲು

ಬೂಟಿನಾಕಾರದ ಮರದ ಮೆಟ್ಟು ಶವಪೆಟ್ಟಿಗೆಯ ಮೇಲಿಂದ ಮತ್ತೆ ಜಾರಿ ಬಿತ್ತು. ಈ ಸಲ ಉರುಳುತ್ತಾ ಬಂದು ಫೆಮ್ಕೆಯ ಕಾಲಬುಡದಲ್ಲಿ ನಿಂತಿತು. ಅವಳು ಬಗ್ಗಿ ಎತ್ತಿಕೊಂಡಳು. ಹಿಮ್ಮಡಿಯ ಹತ್ತಿರ ಕೊರೆದಿದ್ದ ತೂತಿನಿಂದ ಗಾಳದ ದಾರ ಇನ್ನೂ ಜೋತಾಡುತ್ತಿತ್ತು.

“ಕೊಡು ಇಲ್ಲಿ,” ಮುಂದಿನ ಸಾಲಿನ ಮುದುಕಿ ಕೈ ಚಾಚಿದಳು. “ಅವನ ಮೇಲೆ ಏನಿಟ್ಟರೂ ನಿಲ್ಲಲ್ಲ. ಬದುಕಿದ್ದಾಗ ಟೋಪಿಯೂ ನಿಲ್ತಿರಲಿಲ್ಲ. ನೀನು ಯಾರು?”

“ಫೆಮ್ಕೆ ಅಂತ, ಮೇಡಂ. ಉಟ್ರೆಕ್ಟ್‌ನಿಂದ ಬಂದೆ.”

“ಓಹೋ, ನೀನೇನಾ!” ಮುದುಕಿಯ ಕಣ್ಣು ಅರಳಿತು. “ಮೇಡಂ ಗೀಡಂ ಬೇಡ, ಗೇಸ್ಯೆ ಅನ್ನು. ಇವನ ಅಕ್ಕ. ಅಲ್ಲೇನು ಗೋಡೆಗೆ ಅಂಟಿಕೊಂಡಿದ್ದೀಯ? ಮುಂದೆ ಬಾ, ಜಾಗಕ್ಕೇನು ನೂಕುನುಗ್ಗಲಿಲ್ಲ.”

ನೂಕುನುಗ್ಗಲು ನಿಜವಾಗಿಯೂ ಇರಲಿಲ್ಲ. ಅಷ್ಟು ದೊಡ್ಡ ಸಭಾಂಗಣದಲ್ಲಿ ಅಕ್ಕ, ಪಕ್ಕದ ಮನೆಯ ಬೆರೆಂಡ್, ದೋಣಿ ನಡೆಸುತ್ತಿದ್ದ ಇಬ್ಬರು ವಯಸ್ಸಾದವರು, ಮತ್ತೆ ಫೆಮ್ಕೆ. ಉಳಿದ ಕುರ್ಚಿಗಳು ಬಾರದವರ ಪರವಾಗಿ ಶಿಸ್ತಿನಿಂದ ಕೂತಿದ್ದವು. ಪೆಟ್ಟಿಗೆಯ ಮೇಲಿದ್ದ ಫೋಟೋದಲ್ಲಿ ಫೆಮ್ಕೆ ಹಾರ್ಮೆನ್‌ನ ಮುಖವನ್ನು ಮೊದಲ ಸಲ ನೋಡಿದಳು. ಕಿವಿ ಅಷ್ಟು ದೊಡ್ಡದಿರಬಹುದೆಂದು ಅವಳು ಎಣಿಸಿರಲಿಲ್ಲ.

ಹಾರ್ಮೆನ್ ಕಾಲುವೆಯ ಸೇತುವೆ ಕಾಯುತ್ತಿದ್ದವನು. ದೋಣಿ ಬಂದರೆ ಸೇತುವೆ ಎತ್ತಿ, ಗಾಳದ ಕೋಲಿಗೆ ಈ ಮೆಟ್ಟನ್ನು ಕಟ್ಟಿ ಇಳಿಬಿಡುತ್ತಿದ್ದ. ದೋಣಿಯವರು ಅದರೊಳಗೆ ಸುಂಕ ಹಾಕಿ, ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು. ಆಮೇಲೆ ಕ್ಯಾಮೆರಾ ಬಂತು. ದೂರದ ಊರಿನ ಯಾವುದೋ ಕೋಣೆಯಲ್ಲಿ ಯಾರೋ ಗುಂಡಿ ಒತ್ತಿದರೆ ಸೇತುವೆ ತಾನಾಗಿಯೇ ಏಳತೊಡಗಿತು. ಹಾರ್ಮೆನ್ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ.

*

ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಪರದೆಯ ಮೇಲೆ ಜೋಡಿಸಿ ಮನೆ, ರೈಲು, ಹಡಗು ಕಟ್ಟುವ ಮುಕ್ತ ತಂತ್ರಾಂಶವೊಂದಿದೆ. ಅದರ ಒಂದೊಂದು ಬಿಡಿಭಾಗವನ್ನೂ ಯಾರಾದರೂ ಅಳೆದು ಬರೆದು ಭಂಡಾರಕ್ಕೆ ಕೊಡಬೇಕು. ಹಾರ್ಮೆನ್ ಸೇತುವೆಯದ್ದೆಲ್ಲ ಬರೆದುಕೊಟ್ಟಿದ್ದ: ತೊಲೆ, ಕಂಬಿ, ತೂಕದ ಗುಂಡು, ಕೀಲು. ಆಗ ಪರವಾನಗಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಆಮೇಲೆ ಭಂಡಾರದವರು ನಿಯಮ ತಂದರು: ‘ಇದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು’ ಎಂದು ಬರೆದವರೇ ಒಪ್ಪಿಗೆ ಕೊಡಬೇಕು. ಉಳಿದವರು ಕೊಟ್ಟರು. ಹಾರ್ಮೆನ್ ಕೊಡಲಿಲ್ಲ.

ಭಂಡಾರವನ್ನು ಪ್ಯಾಕೇಜ್ ಮಾಡಿ ಎಲ್ಲರ ಕಂಪ್ಯೂಟರಿಗೂ ತಲುಪಿಸುವುದು ಫೆಮ್ಕೆಯ ಬಿಟ್ಟಿ ಕೆಲಸ. ಒಪ್ಪಿಗೆಯಿಲ್ಲದ್ದನ್ನು ಒಳಗೆ ಸೇರಿಸುವಂತಿಲ್ಲ. ಹಾಗಾಗಿ ಹಾರ್ಮೆನ್‌ನ ಸೇತುವೆ ಭಂಡಾರದ ಬೇರೊಂದು ಮೂಲೆಯಲ್ಲಿ ಬಿದ್ದಿತ್ತು. ಪ್ರತಿ ನವೆಂಬರ್, ಹೊಸ ಆವೃತ್ತಿಗೆ ಮುಂಚೆ, ಅವಳು ಬರೆಯುತ್ತಿದ್ದಳು: ‘ಮಾನ್ಯ ಹಾರ್ಮೆನ್ ಅವರಿಗೆ, ದಯವಿಟ್ಟು ತಮ್ಮ ಒಪ್ಪಿಗೆಯನ್ನು...’

ಉತ್ತರ ಮರುದಿನವೇ ಬರುತ್ತಿತ್ತು. ಕಾಲುವೆ ಹೆಪ್ಪುಗಟ್ಟಿದೆ. ಬಟಾಣಿ ಸೂಪು ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿದೆ. ದಂಡೆಯ ಮೇಲಿನ ಬಕಪಕ್ಷಿ ಮೇಯರನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತದೆ. ಹಿಂದೊಮ್ಮೆ ಬರೆದಿದ್ದೆಯಲ್ಲ, ನಿನ್ನ ಬೆಕ್ಕಿನ ಕಾಲು ಹೇಗಿದೆ? ಒಪ್ಪಿಗೆಯ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ.

ಒಂದು ವರ್ಷ ಬೇಸತ್ತ ಫೆಮ್ಕೆ ಹಳೆಯ ಪತ್ರಕ್ಕೇ ಹೊಸ ತಾರೀಕು ಹಾಕಿ ಕಳಿಸಿದಳು. ಎಲ್ಲಕ್ಕಿಂತ ಉದ್ದದ ಉತ್ತರ ಬಂದದ್ದು ಅದಕ್ಕೇ.

ಈ ವರ್ಷ ಉತ್ತರ ಬರೆದವಳು ಗೇಸ್ಯೆ: ‘ಹಾರ್ಮೆನ್ ತೀರಿಕೊಂಡ. ಗುರುವಾರ ಬಾ.’ ಒಪ್ಪಿಗೆಯಿಲ್ಲದ್ದನ್ನೆಲ್ಲ ಭಂಡಾರದಿಂದಲೇ ಕಿತ್ತುಹಾಕುವುದೆಂದು ಈ ಸಲ ತೀರ್ಮಾನವಾಗಿತ್ತು. ಒಪ್ಪಿಗೆ ಕೊಡಲು ಭಾನುವಾರವೇ ಕೊನೆ. ಹೂಂ ಅನ್ನುವ ಹಕ್ಕು ಈಗ ಅಕ್ಕನದು. ರೈಲಿನುದ್ದಕ್ಕೂ ಫೆಮ್ಕೆ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿ ನೋಡಿದ್ದಳು. ಕೇಳಿದಷ್ಟು ಸಲವೂ ನಾಚಿಕೆಯಾಗಿತ್ತು.

*

ಪೆಟ್ಟಿಗೆ ದಹನಕ್ಕೆ ಒಳಗೆ ಹೋಯಿತು. ಪಕ್ಕದ ಕೋಣೆಯಲ್ಲಿ ಕಾಫಿ, ಜೊತೆಗೆ ತಲೆಗೊಂದು ಚೂರು ಕೇಕು.

“ಒಂದೇ ಚೂರಾ?” ಎಂದ ಬೆರೆಂಡ್.

“ನಿನ್ನದು ಎರಡಾಯ್ತು. ಮೀಸೆ ಒರೆಸಿಕೊಂಡು ಸುಳ್ಳು ಹೇಳು,” ಎಂದಳು ಗೇಸ್ಯೆ. ಆಮೇಲೆ ಫೆಮ್ಕೆಯ ಎದುರು ಬೆನ್ನು ನೆಟ್ಟಗೆ ಮಾಡಿ, ಮೂಗು ಮೇಲೆತ್ತಿ, ಸಣ್ಣ ದನಿ ತೆಗೆದಳು: “‘ಮಾ...ನ್ಯ ಹಾರ್ಮೆನ್ ಅವರಿಗೆ! ದಯವಿಟ್ಟು! ತಮ್ಮ! ಒಪ್ಪಿಗೆಯನ್ನು!’ ಪ್ರತಿ ನವೆಂಬರ್ ಫೋನ್ ಮಾಡಿ ಹೀಗೇ ಓದ್ತಿದ್ದ ಕಣೇ. ನಗ್ತಾ ನಗ್ತಾ ನನ್ನ ಆಲೂಗಡ್ಡೆ ಸೀದುಹೋಗ್ತಿತ್ತು.”

ಫೆಮ್ಕೆಯ ಮುಖ ಕೆಂಪಾಯಿತು. ಅನುಕರಣೆ ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು. “ಒಂದು ಹೂಂ ಅಂದಿದ್ದರೆ ಮುಗಿದಿತ್ತು. ಯಾಕೆ ಅನ್ನಲಿಲ್ಲ ಅವರು?”

“ನಾನೂ ಕೇಳಿದೆ. ‘ಹೂಂ ಅಂದರೆ ಅವಳು ಮತ್ತೆ ಯಾಕೆ ಬರೀತಾಳೆ’ ಅಂದ.”

ಬೆರೆಂಡ್ ಅಗಿಯುವುದನ್ನು ನಿಲ್ಲಿಸಿದ. ಫೆಮ್ಕೆ ಸಕ್ಕರೆಯೇ ಹಾಕದ ಕಾಫಿಯನ್ನು ಬಹಳ ಹೊತ್ತು ಕಲಕಿದಳು.

“ಈಗ ನಾನು ಹೂಂ ಅನ್ನಬೇಕಾ?” ಗೇಸ್ಯೆಯೇ ಕೇಳಿದಳು.

“ಅಂದರೆ ಒಳ್ಳೇದು. ಇಲ್ಲದಿದ್ದರೆ ಭಾನುವಾರ ಎಲ್ಲಾ ತೆಗೆದುಬಿಡ್ತಾರೆ.”

“ಅವನ ಹೆಸರೂ?”

“ಹೆಸರು ಇರೋದೇ ಬಿಡಿಭಾಗದ ಒಳಗೆ. ಅದು ಹೋದರೆ ಹೆಸರೂ ಹೋಯ್ತು.”

ಗೇಸ್ಯೆ ಮಡಿಲಲ್ಲಿದ್ದ ಮೆಟ್ಟಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳಿಗೆ ಇನ್ನು ಫೋನ್ ಮಾಡುವವರು ಯಾರೂ ಇರಲಿಲ್ಲ.

“ತಗೋ ಹಾಗಾದರೆ. ತೊಲೆ, ಕಂಬಿ, ಗುಂಡು, ಎಲ್ಲಾ ತಗೋ.” ಫೆಮ್ಕೆ ಉಸಿರು ಬಿಡುವುದರೊಳಗೆ ಗೇಸ್ಯೆ ಸೇರಿಸಿದಳು: “ಕೀಲೊಂದು ಬಿಟ್ಟು.”

“ಕೀಲಿಲ್ಲದೆ ಸೇತುವೆ ಏಳಲ್ಲ!”

“ಸೇತುವೆ ಕಾಯೋನ ಅಕ್ಕನಿಗೇ ಹೇಳಿಕೊಡ್ತೀಯಾ? ಗೊತ್ತು ನನಗೆ. ಮುಂದಿನ ನವೆಂಬರ್‌ನಲ್ಲಿ ಬರಿ. ‘ಮಾನ್ಯ ಗೇಸ್ಯೆ ಅವರಿಗೆ’ ಅಂತಲೇ ಶುರುಮಾಡು. ಬೆಕ್ಕಿನ ಕಾಲಿನ ಸಮಾಚಾರ ಮರೀಬೇಡ. ಆಮೇಲೆ ನೋಡೋಣ.”

ಹಾಗೆಂದು ದಾರವನ್ನು ಎತ್ತಿ ಹಿಡಿದು, ಮೆಟ್ಟನ್ನು ಮೇಜಿನಾಚೆ ಫೆಮ್ಕೆಯ ಮೂಗಿನ ಮುಂದೆ ಇಳಿಬಿಟ್ಟಳು.

ನಗು ತಡೆಯಲಾರದೆ ಮೊದಲು ಕೆಮ್ಮಿದವನು ಬೆರೆಂಡ್. ಆಮೇಲೆ ದೋಣಿಯವರು ನಕ್ಕರು. ಮುಂದಿನ ಶವಸಂಸ್ಕಾರಕ್ಕೆ ಬಂದವರು ಬಾಗಿಲು ಸರಿಸಿ ಇಣುಕಿದಾಗ, ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಕೆನ್ನೆ ಒದ್ದೆಯಾದ ಫೆಮ್ಕೆ. ನಗುತ್ತಲೇ ತನ್ನ ಪಾಲಿನ ಕೇಕಿನ ಚೂರನ್ನು ತೂಗಾಡುವ ಮೆಟ್ಟಿನೊಳಗೆ ಹಾಕುತ್ತಿದ್ದಳು.