ಬೆಸುಗೆಗೆ ಮುಂಚೆ

ವರ್ನಾ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಿದ್ದಳು. ಶಾಫ್ಟ್ ನೇರವಿದೆಯೇ ಎಂದು ತೋರಿಸುವ ಡಯಲ್ಲಿನ ಸೂಜಿ ಮತ್ತೆ ಅದೇ ಜಾಗದಲ್ಲಿ ಓಲಾಡಿತು. ಶಾಫ್ಟನ್ನು ಒರೆಸಿ ನೋಡಿದಳು, ಮಗ್ಗುಲು ಬದಲಿಸಿ ನೋಡಿದಳು. ಓಲಾಟ ನಿಲ್ಲಲಿಲ್ಲ.

ಬೇರೆ ದಿನವಾಗಿದ್ದರೆ ಹಿತ್ತಾಳೆಯ ಸುತ್ತಿಗೆಯಿಂದ ಹದವಾಗಿ ತಟ್ಟಿ ನೇರ ಮಾಡುತ್ತಿದ್ದಳು. ಆದರೆ ಇದಕ್ಕೆ ಆಗಲೇ ಬೆಸುಗೆ ಬಿದ್ದಿತ್ತು. ರೇಸಿಗೆಂದು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಎಂಜಿನ್ನಿನ ಬಲ ಹೆಚ್ಚಿಸಿದರೆ, ತುಂಡುಗಳನ್ನು ಒತ್ತಿ ಜೋಡಿಸಿದ ಶಾಫ್ಟ್ ತಿರುಚಿಕೊಳ್ಳುತ್ತದೆ. ಹಾಗಾಗದಿರಲೆಂದೇ ಬೆಸುಗೆ. ಬೆಸೆದ ಮೇಲೆ ನೇರವಿದ್ದದ್ದು ನೇರ, ಸೊಟ್ಟಗಿದ್ದದ್ದು ಸೊಟ್ಟಗೇ. ಅದಕ್ಕೇ ಈ ಶೆಡ್ಡಿನಲ್ಲಿ ಒಂದು ಕ್ರಮವಿತ್ತು: ಅವಳು ಸೂಜಿ ನೋಡಿ 'ಹೂಂ' ಎಂದ ಮೇಲೆಯೇ ಗಂಡ ಸುಲೋ ಬೆಸುಗೆಗೆ ಕೂರಬೇಕು. ನಿನ್ನೆ ಅವಳು ಇಗರ್ಜಿಯಲ್ಲಿ ಸಾವಿನ ಮನೆಯವರ ಊಟಕ್ಕೆ ಅಡುಗೆ ಮಾಡಲು ಹೋಗಿದ್ದಾಗ ಅವನು ಒಬ್ಬನೇ ಮುಗಿಸಿದ್ದ.

ಸುಲೋ ಕಾಫಿ ಹಿಡಿದು ಒಳಗೆ ಬಂದ. ಬೆಂಚಿನ ಅಂಚನ್ನು ಕೈಯಿಂದ ತಡವಿಕೊಂಡು ಲೋಟ ಇಟ್ಟ.

"ಏನೇ, ಇನ್ನೂ ಅದನ್ನೇ ಸುತ್ತಿಸ್ತಾ ಇದೀಯಾ?"

"ಬೆಸೆಯೋಕ್ ಮುಂಚೆ ಸೂಜಿ ನೋಡಿದ್ಯಾ?"

"ನೋಡ್ದೆ ಬಿಡ್ತೀನಾ? ಒಂಚೂರೂ ಅಲ್ಲಾಡ್ಲಿಲ್ಲ ಕಣೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಸೂಜಿ ಈಗಲೂ ಅವನ ಮುಂದೆಯೇ ಓಲಾಡುತ್ತಿತ್ತು, ಅವನು ಅದನ್ನೇ ನೋಡುತ್ತ ನಿಂತಿದ್ದ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದು ಅವಳು ಕೇಳಿ ಕೇಳಿ ಸೋತಿದ್ದಳು.

ಬೂಟಿನ ಹಿಮ ಕೊಡವುತ್ತ ಟ್ರೆವರ್ ಬಂದ. ಅವಳ ಅಕ್ಕನ ಮಗ. ಶನಿವಾರ ಸರೋವರದ ಮಂಜುಗಡ್ಡೆಯ ಮೇಲೆ ಅವನ ರೇಸು.

"ಚಿಕ್ಕಮ್ಮ, ನನ್ ಶಾಫ್ಟ್ ರೆಡಿನಾ? ಈ ಸಲ ಎಲ್ಲರಿಗೂ ನನ್ ಬೆನ್ನೇ ಕಾಣ್ಬೇಕು."

ಆ ವೇಗದಲ್ಲಿ ಶಾಫ್ಟ್ ಮುರಿದರೆ ಎಂಜಿನ್ ಥಟ್ಟನೆ ಬಿಗಿದುಕೊಳ್ಳುತ್ತದೆ. ಗಾಡಿ ನಿಂತರೂ ಹುಡುಗ ನಿಲ್ಲುವುದಿಲ್ಲ.

"ಕೆಳಗೆ ಬೀಳಿಸ್ಬಿಟ್ಟೆ ಕಣೋ," ಎಂದಳು. "ಬೇರೆ ಕಟ್ಬೇಕು. ಈ ಶನಿವಾರ ಬಿಟ್ಬಿಡು."

ಟ್ರೆವರ್ ಮುಖ ಇಳಿಯಿತು. "ಚಿಕ್ಕಮ್ಮ, ಇಡೀ ಚಳಿಗಾಲ ಇದಕ್ಕೇ ಕಾಯ್ತಿದ್ದೆ."

"ಗೊತ್ತು ಮರಿ."

ಸುಲೋ ನಕ್ಕ. "ಈಚೆಗೆ ಇವಳ ಕೈಲಿ ಏನೂ ನಿಲ್ಲಲ್ಲ ಕಣೋ. ನಾಳೆ ನನ್ನೂ ಬೀಳಿಸ್ತಾಳೆ, ನೋಡ್ತಿರು."

"ನೀನು ಬಿದ್ರೆ ಎತ್ತೋರು ಯಾರು? ನನ್ ಸೊಂಟ ಆಗಲೇ ಹೋಗಿದೆ," ಎಂದಳು. ಟ್ರೆವರ್‌ಗೂ ನಗು ಬಂತು. ಇಬ್ಬರೂ ಅವನ ಗಾಡಿ ನೋಡಲು ಹೊರಗೆ ಹೋದರು.

ವರ್ನಾ ಶಾಫ್ಟನ್ನು ಗುಜರಿ ಡಬ್ಬಕ್ಕೆ ಹಾಕಿ, ತಣ್ಣಗಾದ ಕಾಫಿ ಕುಡಿದಳು. ಬೆಸುಗೆ ಅವಳಿಗೆ ಗೊತ್ತಿಲ್ಲದ ಕೆಲಸವೇನಲ್ಲ. ಮದುವೆಯ ಹೊಸದರಲ್ಲಿ ಅವನೇ ಕೈ ಹಿಡಿದು ಕಲಿಸಿದ್ದ. ಬೆಳಿಗ್ಗೆ ಅವನು ಗೆಳೆಯರೊಂದಿಗೆ ಮೀನು ಹಿಡಿಯಲು ಹೋದಾಗ ಶೆಡ್ಡು ಖಾಲಿ ಇರುತ್ತದೆ. ಇನ್ನು ಮುಂದೆ ಅವನು ಬೆಸೆದ ಯಾವ ಶಾಫ್ಟೂ ಈ ಬಾಗಿಲು ದಾಟುವುದಿಲ್ಲ. ಅವನು ಬೆಸೆಯಲಿ, ಅದು ಡಬ್ಬಕ್ಕೆ ಹೋಗಲಿ. ಕೊಡುವುದನ್ನು ಅವಳೇ ಕಟ್ಟುತ್ತಾಳೆ. ಒಂದೇ ಕೆಲಸ ಎರಡು ಸಲ. ಅದನ್ನು ನೆನೆದೇ ಅವಳಿಗೆ ದಣಿವಾಯಿತು.

ಹೊರಗಿನಿಂದ ಸುಲೋ ಕೂಗಿದ: "ಏನ್ ಮಾಡ್ತಿದೀಯೇ ಅಲ್ಲಿ?"

"ಏನಿಲ್ಲ, ಬಂದೆ," ಎಂದಳು.